ತೆರಣಿಯ ಹುಳುವಿನ ಕಾಡುಬಂಧುಗಳು: ಕೂಡಿ ಸಾಕಿ ಕಲಿಯುವ ಒಂದು ಹವ್ಯಾಸ

ಹನ್ನೆರಡನೆಯ ಶತಮಾನದ ಶರಣೆ ಅಕ್ಕಮಹಾದೇವಿಯವರು ತಮ್ಮ ಒಂದು ವಚನದಲ್ಲಿ ತೆರಣಿಯ ಹುಳುವನ್ನು ಉಪಮಾನವಾಗಿ ತಂದಿದ್ದಾರೆ. ಜೀವನು ತಾನೇ ಹೆಣೆದುಕೊಂಡ ಬಂಧನದಲ್ಲಿ ಸಿಲುಕುವ ಬಗೆಯನ್ನು ಮನಗಾಣಿಸಲು ರೇಷ್ಮೆಯ ಹುಳುವಿಗಿಂತ ಸಮರ್ಥವಾದ ದೃಷ್ಟಾಂತ ದೊರೆಯುವುದು ದುರ್ಲಭ. ಎಂಟು ಶತಮಾನಗಳು ಕಳೆದ ಮೇಲೆಯೂ ಕನ್ನಡಿಗರಲ್ಲಿ ಬಹುಮಂದಿಗೆ ಈ ಹುಳುವಿನ ಕಥೆ ಗೂಡಿನೊಡನೆಯೇ ಮುಕ್ತಾಯವಾಗುತ್ತದೆ. ಹಿಪ್ಪುನೇರಳೆಯ ತೋಟ, ಸಾಕಣೆಯ ಮನೆ, ಚಂದ್ರಿಕೆ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಕುದಿನೀರು, ಇವು ಆ ಕಥೆಯ ಅಧ್ಯಾಯಗಳು. ಬಿತ್ತನೆಗೆಂದು ಉಳಿಸಿಕೊಂಡ ಕೆಲವು ಗೂಡುಗಳನ್ನು ಬಿಟ್ಟರೆ ಉಳಿದವುಗಳಿಂದ ಪತಂಗ ಹೊರಬರುವುದಿಲ್ಲ. ಹೀಗಾಗಿ ರೇಷ್ಮೆಯ ನಾಡಿನಲ್ಲಿ ಹುಟ್ಟಿ ಬೆಳೆದವರೂ ಆ ಜೀವದ ಬಾಳಿನ ಪೂರ್ವಾರ್ಧವನ್ನು ಮಾತ್ರ ಬಲ್ಲರು.

ಉತ್ತರಾರ್ಧವನ್ನು ತೋರಿಸಿಕೊಡುವ ಹವ್ಯಾಸವೊಂದುಂಟು. ಅದು ಕಾಡುರೇಷ್ಮೆಯ ಪತಂಗಗಳನ್ನು ತತ್ತಿಯಿಂದ ತತ್ತಿಯವರೆಗೆ ಸಾಕಿ, ಕಂಡುದನ್ನು ಬರೆದಿಟ್ಟು, ಹತ್ತು ಮಂದಿಯೊಡನೆ ಹಂಚಿಕೊಳ್ಳುವುದು. ರೈತನ ಸಾಕಣೆ ಗೂಡಿನಲ್ಲಿ ಕೊನೆಗೊಂಡರೆ ಹವ್ಯಾಸಿಯ ಕುತೂಹಲ ಗೂಡಿನಲ್ಲಿ ಮೊದಲಾಗುತ್ತದೆ. ಇದಕ್ಕೆ ಬೇಕಾದ ಬಂಡವಾಳ ಅತ್ಯಲ್ಪ. ಬೇಕಾದ ತಾಳ್ಮೆ ಮಾತ್ರ ಅಲ್ಪವಲ್ಲ. ಒಬ್ಬನಿಂದ ಪೂರ್ಣವಾಗಿ ಸಾಗದೆ ಹಲವರು ಕೂಡಿದಾಗ ಸಫಲವಾಗುವುದರಿಂದ ಶಾಲೆಯಂತಹ ಸಮುದಾಯಕ್ಕೆ ಇದು ವಿಶೇಷವಾಗಿ ಒಪ್ಪುವಂತಹುದು.

ಕುಲ ಮತ್ತು ನೆಲೆ

ಹಿಪ್ಪುನೇರಳೆಯ ಸೊಪ್ಪು ತಿನ್ನುವ ರೇಷ್ಮೆಹುಳು ಸಾವಿರಾರು ವರ್ಷಗಳಿಂದ ಮನುಷ್ಯನ ಆಶ್ರಯದಲ್ಲಿ ಬೆಳೆದು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಕಾಡುರೇಷ್ಮೆಯ ಪತಂಗಗಳು ಹಾಗಲ್ಲ. ‘ಸ್ಯಾಟರ್ನಿಡೇ’ ಎಂಬ ಬೇರೆಯೇ ಕುಟುಂಬಕ್ಕೆ ಸೇರಿದ ಇವು ಬಲವಾದ ರೆಕ್ಕೆಗಳುಳ್ಳ, ರಾತ್ರಿ ಸಂಚರಿಸುವ ದೊಡ್ಡ ಪತಂಗಗಳು. ತಸರ, ಮುಗಾ, ಏರಿ ಎಂಬ ಮೂರು ಬಗೆಯ ವನ್ಯರೇಷ್ಮೆಗಳು ದೊರೆಯುವುದು ಈ ಕುಟುಂಬದಿಂದಲೇ. ಸಿಂಧೂ ನಾಗರಿಕತೆಯ ಹರಪ್ಪ ಮತ್ತು ಚನ್ಹುದಾರೋ ನೆಲೆಗಳಲ್ಲಿ ದೊರೆತ ಎಳೆಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದ ವಿದ್ವಾಂಸರು, ಅವು ಕಾಡುರೇಷ್ಮೆಯ ಎಳೆಗಳೆಂದು 2009ರಲ್ಲಿ ಪ್ರಕಟಿಸಿದರು. ಎಂದರೆ ಭಾರತೀಯರಿಗೂ ಈ ಹುಳುಗಳಿಗೂ ನಾಲ್ಕು ಸಾವಿರ ವರ್ಷಗಳಿಗೂ ಮಿಗಿಲಾದ ಪರಿಚಯವುಂಟು.

ಕರ್ನಾಟಕದಲ್ಲಿ ಈ ಕುಲದ ಹಲವು ಜಾತಿಗಳು ಸಹಜವಾಗಿ ವಾಸಿಸುತ್ತವೆ. ಮಲೆನಾಡಿನಲ್ಲಿ ಕಾಣಸಿಗುವ ‘ಅಟಾಕಸ್ ಟಾಪ್ರೊಬಾನಿಸ್’ ರೆಕ್ಕೆ ಬಿಚ್ಚಿದಾಗ ಒಂದು ಗೇಣನ್ನು ತುಂಬುತ್ತದೆ. ಮಳೆಗಾಲದಲ್ಲಿ ಇದು ಮನೆಯ ಗೋಡೆಯ ಮೇಲೆ ಬಂದು ಕುಳಿತರೆ ಊರಿಗೆ ಊರೇ ನೋಡಲು ನೆರೆಯುವುದುಂಟು. ತಿಳಿಹಸಿರು ಬಣ್ಣದ, ನೀಳವಾದ ಎರಡು ಬಾಲಗಳುಳ್ಳ ಚಂದ್ರಪತಂಗ ಮತ್ತೊಂದು. ಈ ಬಾಲಗಳು ಅಲಂಕಾರಕ್ಕೆಂದು ಬಹುಕಾಲ ಭಾವಿಸಲಾಗಿತ್ತು. ಅಮೆರಿಕದಲ್ಲಿ ಇದರ ಸೋದರಜಾತಿಯೊಂದರ ಮೇಲೆ ನಡೆದ ಪ್ರಯೋಗಗಳು, ಶಬ್ದದ ಪ್ರತಿಧ್ವನಿಯಿಂದ ಬೇಟೆಯನ್ನು ಗುರುತಿಸುವ ಬಾವಲಿಯನ್ನು ಈ ಬಾಲಗಳು ವಂಚಿಸುತ್ತವೆಂದು 2015ರಲ್ಲಿ ತೋರಿಸಿಕೊಟ್ಟವು. ಬಾವಲಿ ಬಾಲಕ್ಕೆ ಬಾಯಿ ಹಾಕುತ್ತದೆ, ಪತಂಗ ಪ್ರಾಣ ಉಳಿಸಿಕೊಳ್ಳುತ್ತದೆ. ಗೋಡಂಬಿ ಮತ್ತು ಮಾವಿನ ಎಲೆ ತಿಂದು ಬಂಗಾರದ ಬಲೆಯಂತಹ ಗೂಡು ಕಟ್ಟುವ ‘ಕ್ರಿಕುಲ’ವೂ ಈ ಕುಲದ್ದೇ. ಆದರೆ ಇದರ ಹುಳುವಿನ ರೋಮ ಚರ್ಮಕ್ಕೆ ತುರಿಕೆಯುಂಟುಮಾಡುವುದರಿಂದ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ.

ದಾವಣಗೆರೆ–ಹರಿಹರ ಸೀಮೆಯ ಬಯಲಿಗೆ ಹೆಚ್ಚು ಹೊಂದುವುದು ತಸರದ ಪತಂಗ, ‘ಆಂಥೀರಿಯ ಮೈಲಿಟ್ಟ’. ಇದರ ಹುಳುವಿಗೆ ಮತ್ತಿ, ಹೊಳೆಮತ್ತಿ, ದಿಂಡಿಗ, ಬೋರೆ ಮೊದಲಾದ ಮರಗಳ ಎಲೆ ಆಹಾರ. ಹೊಳೆಮತ್ತಿಯು ಹೆಸರೇ ಹೇಳುವಂತೆ ನದಿಯ ದಂಡೆಯನ್ನು ಬಯಸುವ ಮರ. ಬೋರೆಯಾದರೋ ಎರೆನೆಲದ ಬದುಗಳಲ್ಲಿಯೂ ಬೆಳೆಯುತ್ತದೆ. ಮನೆಗಳ ಅಂಗಳದಲ್ಲಿಯೂ ಶಾಲೆಗಳ ಆವರಣದಲ್ಲಿಯೂ ನೆರಳಿಗೆಂದು ನೆಡುವ ಕಾಡುಬಾದಾಮಿ ಮತ್ತಿಯ ಕುಲದ್ದೇ ಆಗಿರುವುದರಿಂದ ತಸರದ ಹುಳು ಅದನ್ನೂ ಸ್ವೀಕರಿಸುತ್ತದೆ. ವಿದ್ಯಾನಗರದಂತಹ ಬಡಾವಣೆಯಲ್ಲಿ ವಾಸಿಸುವ ವಿದ್ಯಾರ್ಥಿಯೂ ಸೊಪ್ಪಿಗಾಗಿ ಕಾಡಿಗೆ ಹೋಗಬೇಕಾಗಿಲ್ಲ.

ಮೊದಲ ಪಾಠಕ್ಕೆ ಏರಿ

ಹೊಸದಾಗಿ ಆರಂಭಿಸುವವರಿಗೆ ತಸರಕ್ಕಿಂತ ಏರಿ ಸುಲಭ. ಏರಿ ಹುಳು ಕಾಡುರೇಷ್ಮೆಯ ಕುಟುಂಬಕ್ಕೆ ಸೇರಿದ್ದರೂ ಅಸ್ಸಾಮಿನ ಜನರ ಕೈಯಲ್ಲಿ ಪೂರ್ಣವಾಗಿ ಪಳಗಿದೆ. ಮನೆಯೊಳಗೆ ತಟ್ಟೆಯಲ್ಲಿಯೇ ಬೆಳೆಯುತ್ತದೆ. ಅದರ ಮುಖ್ಯ ಆಹಾರ ಹರಳಿನ ಎಲೆ. ಹೊಲದ ಬದುವಿನಲ್ಲಿ ಹರಳು ಬೆಳೆಯುವ ಬಯಲುಸೀಮೆಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಕರ್ನಾಟಕದ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿಯೂ ಹರಳಿನ ಮೇಲೆ ಏರಿಯನ್ನು ಸಾಕುವ ಬಗ್ಗೆ ಸಂಶೋಧನೆಗಳು ನಡೆದಿವೆ. ಬೆಚ್ಚನೆಯ ಕಾಲದಲ್ಲಿ ತತ್ತಿಯಿಂದ ಪತಂಗದವರೆಗಿನ ಇಡೀ ಚಕ್ರ ಸುಮಾರು ಒಂದೂವರೆ ತಿಂಗಳಿನಲ್ಲಿ ಪೂರೈಸುವುದರಿಂದ ಶಾಲೆಯ ಒಂದು ಅವಧಿಯೊಳಗೆ ವಿದ್ಯಾರ್ಥಿ ಎಲ್ಲ ಹಂತಗಳನ್ನೂ ಕಣ್ಣಾರೆ ಕಾಣಬಲ್ಲ.

ಏರಿಯ ಗೂಡಿಗೆ ಒಂದು ವೈಶಿಷ್ಟ್ಯವಿದೆ. ಅದರ ಒಂದು ತುದಿ ತೆರೆದೇ ಇರುತ್ತದೆ. ಎಳೆ ಅಖಂಡವಲ್ಲವಾದ್ದರಿಂದ ಅದನ್ನು ಬಿಚ್ಚಲಾಗದು, ಹತ್ತಿಯಂತೆ ನೂಲಬೇಕು. ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ದಾವಣಗೆರೆಯ ಹಿರಿಯರಿಗೆ ಬಿಚ್ಚುವುದಕ್ಕೂ ನೂಲುವುದಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಪತಂಗ ಹಾರಿಹೋದ ಮೇಲೆ ಉಳಿದ ಬರಿಯ ಗೂಡಿನಿಂದಲೇ ನೂಲು ತೆಗೆಯಬಹುದಾದ್ದರಿಂದ ಇದನ್ನು ಅಹಿಂಸೆಯ ರೇಷ್ಮೆ ಎಂದು ಕರೆಯುತ್ತಾರೆ. ಆದರೆ ಈಶಾನ್ಯ ಭಾರತದಲ್ಲಿ ಗೂಡಿನೊಳಗಿನ ಕೋಶವು ಜನರ ಆಹಾರವೂ ಆಗಿದೆಯೆಂಬುದನ್ನು ಮರೆಯಬಾರದು. ಅಹಿಂಸೆ ಗೂಡಿನ ಗುಣವಲ್ಲ, ಸಾಕುವವನ ನಿರ್ಧಾರ. ದಯೆಯನ್ನು ಧರ್ಮದ ಬೇರೆಂದು ಬಗೆದ ಶರಣರ ಪರಂಪರೆಯಲ್ಲಿ ನಡೆದುಬಂದ ವಿದ್ಯಾಲಯದ ಮಕ್ಕಳು ಈ ವಿವೇಚನೆಯನ್ನು ಪಾಠದ ಹೊತ್ತಿಗೆಯಿಂದಲ್ಲದೆ ಅಂಗೈ ಮೇಲಿನ ಜೀವದಿಂದ ಕಲಿಯುವುದು ಯುಕ್ತವಾಗಿದೆ.

ತತ್ತಿಯಿಂದ ಗೂಡಿನವರೆಗೆ

ತಸರದ ಸಾಕಣೆ ಸಾಮಾನ್ಯವಾಗಿ ದೀಪಕ್ಕೆ ಬಂದ ಒಂದು ಹೆಣ್ಣು ಪತಂಗದಿಂದ ಆರಂಭವಾಗುತ್ತದೆ. ಹೀಗೆ ಬಂದ ಹೆಣ್ಣು ಬಹುಮಟ್ಟಿಗೆ ಗಂಡಿನೊಡನೆ ಕೂಡಿಯೇ ಇರುತ್ತದೆ. ಅದನ್ನು ಬಿದಿರಿನ ಬುಟ್ಟಿಯಲ್ಲಿಯೋ ದೊಡ್ಡ ಕಾಗದದ ಚೀಲದಲ್ಲಿಯೋ ಇಟ್ಟರೆ ಒಂದೆರಡು ರಾತ್ರಿಗಳಲ್ಲಿ ಬೇಕಾದಷ್ಟು ತತ್ತಿಗಳನ್ನಿಡುತ್ತದೆ. ಅನಂತರ ಅದನ್ನು ಹಿಡಿದ ಸ್ಥಳದಲ್ಲಿಯೇ ಬಿಟ್ಟುಬಿಡಬೇಕು. ಉಳಿದ ತತ್ತಿಗಳು ಕಾಡಿನ ಪಾಲು. ಅಸ್ಸಾಮಿನ ಮುಗಾ ಸಾಕಣೆಗಾರರು ಹೆಣ್ಣನ್ನು ‘ಖರಿಕಾ’ ಎಂಬ ಹುಲ್ಲುಕಡ್ಡಿಯ ಕಟ್ಟಿಗೆ ಮೆಲ್ಲನೆ ಕಟ್ಟಿ ತತ್ತಿಯಿಡಿಸುತ್ತಾರೆ. ತತ್ತಿಯ ತಾರೀಖನ್ನು ಅಂದೇ ಬರೆದಿಡುವುದು ಮೊದಲ ನಿಯಮ.

ಎಂಟು ಹತ್ತು ದಿನಗಳಲ್ಲಿ ಹುಳುಗಳು ಒಡೆದು ಬರುತ್ತವೆ. ಎಳೆಯ ಹುಳುವಿಗೆ ಎಳೆಯ ಎಲೆಯೇ ಬೇಕು. ಸಣ್ಣ ರೆಂಬೆಯನ್ನು ನೀರಿನ ಸೀಸೆಯಲ್ಲಿ ನಿಲ್ಲಿಸಿ ಅದರ ಮೇಲೆ ಹುಳುಗಳನ್ನು ಬಿಡುವುದು ವಾಡಿಕೆ. ಸೀಸೆಯ ಬಾಯಿಗೆ ಹತ್ತಿಯನ್ನು ಒತ್ತದಿದ್ದರೆ ಹುಳುಗಳು ಕಾಂಡದ ಗುಂಟ ಇಳಿದು ನೀರಿನಲ್ಲಿ ಮುಳುಗಿ ಸಾಯುತ್ತವೆ. ತುಸು ಬೆಳೆದ ಮೇಲೆ ಮರದಲ್ಲಿಯೇ ಬಿಟ್ಟು, ಆ ಕೊಂಬೆಗೆ ಸೊಳ್ಳೆಪರದೆಯ ಬಟ್ಟೆಯ ಚೀಲವನ್ನು ತೊಡಿಸಿ ಎರಡು ತುದಿಗಳನ್ನೂ ಕಟ್ಟುವುದು ಮೇಲು. ಕಾಗೆ, ಇರುವೆ, ಕಣಜಗಳಿಂದ ಇದು ರಕ್ಷಣೆ ಕೊಡುತ್ತದೆ; ಎಲೆಯೂ ಬಾಡುವುದಿಲ್ಲ. ಎಲೆ ಮುಗಿದಂತೆ ಚೀಲವನ್ನು ಬೇರೆ ಕೊಂಬೆಗೆ ಬದಲಾಯಿಸಿ, ಹಿಕ್ಕೆಯನ್ನು ಕೊಡವಿ ಹಾಕಬೇಕು.

ಹುಳು ನಾಲ್ಕು ಬಾರಿ ಪೊರೆ ಬಿಡುತ್ತದೆ. ಇದನ್ನು ರೇಷ್ಮೆ ಬೆಳೆಗಾರರು ‘ಜ್ವರ’ವೆಂದು ಕರೆಯುತ್ತಾರೆ. ಜ್ವರಕ್ಕೆ ಕುಳಿತ ಹುಳು ತಲೆಯನ್ನೆತ್ತಿ ನಿಶ್ಚಲವಾಗಿರುತ್ತದೆ. ಆಗ ಅದನ್ನು ಕಿತ್ತು ಬೇರೆಡೆಗೆ ಇಡುವುದು ಅದರ ಪ್ರಾಣಕ್ಕೇ ಅಪಾಯ. ಸುಮಾರು ಐದಾರು ವಾರಗಳಲ್ಲಿ ಹುಳು ಹಣ್ಣಾಗಿ ಗೂಡಿಗೆ ತೊಡಗುತ್ತದೆ. ತಸರದ ಹುಳು ಮೊದಲು ಮಾಡುವ ಕೆಲಸ ರೆಂಬೆಯ ಸುತ್ತ ರೇಷ್ಮೆಯ ಉಂಗುರವನ್ನು ಬಿಗಿದು, ಅದರಿಂದ ಗಟ್ಟಿಯಾದ ತೊಟ್ಟೊಂದನ್ನು ಇಳಿಬಿಡುವುದು. ಬೇಸಿಗೆಯಲ್ಲಿ ಎಲೆ ಉದುರುವ ಕಾಡಿನಲ್ಲಿ ಎಲೆಗೆ ಅಂಟಿದ ಗೂಡು ಎಲೆಯೊಡನೆಯೇ ನೆಲಕ್ಕೆ ಬಿದ್ದು ಬೆಂಕಿಗೋ ಇಲಿಗೋ ಆಹುತಿಯಾದೀತು. ರೆಂಬೆಗೆ ಕಟ್ಟಿದ ಗೂಡು ಬರಿಯ ಮರದಲ್ಲಿ ತೊಟ್ಟಿನ ಕಾಯಿಯಂತೆ ತೂಗಿಕೊಂಡು ಮುಂದಿನ ಮಳೆಯನ್ನು ಕಾಯುತ್ತದೆ. ಈ ಗೂಡು ಎಷ್ಟು ಗಟ್ಟಿಯೆಂದರೆ ಹಿಂದಿನ ಕಾಲದಲ್ಲಿ ದಖ್ಖನ್ನಿನ ಜನ ಅದನ್ನು ಸುರುಳಿಯಾಗಿ ಕತ್ತರಿಸಿ, ಬಂದೂಕದ ನಳಿಗೆಯನ್ನು ಮರದ ಹಿಡಿಗೆ ಬಿಗಿಯಲು ತೊಗಲಿನ ಪಟ್ಟಿಯಂತೆ ಬಳಸುತ್ತಿದ್ದರು.

ಗೂಡಿನ ಬಾಗಿಲು

ಇಷ್ಟು ಭದ್ರವಾದ ಕೋಟೆಯಿಂದ ಹಲ್ಲಿಲ್ಲದ, ಬಾಯಿಯಿದ್ದೂ ಉಣ್ಣಲಾರದ ಮೃದುವಾದ ಪತಂಗ ಹೊರಬರುವುದೆಂತು? ಈ ಪ್ರಶ್ನೆಗೆ ಉತ್ತರ ದೊರೆತದ್ದು 1964ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಫೋಟಿಸ್ ಕಫಾಟೋಸ್ ಮತ್ತು ಕ್ಯಾರೊಲ್ ವಿಲಿಯಮ್ಸ್ ಅವರು ತಸರದ ಸೋದರಜಾತಿಗಳನ್ನು ಪರೀಕ್ಷಿಸಿ, ಪತಂಗವು ತನ್ನ ಮುಖಭಾಗದಿಂದ ‘ಕೊಕೂನೇಸ್’ ಎಂಬ ಕಿಣ್ವವನ್ನು ಸ್ರವಿಸುತ್ತದೆಂದು ಕಂಡುಹಿಡಿದರು. ಎಳೆಗಳನ್ನು ಹಿಡಿದಿಟ್ಟ ಅಂಟನ್ನು ಈ ಕಿಣ್ವ ಕರಗಿಸುತ್ತದೆ. ಎಳೆ ತುಂಡಾಗುವುದಿಲ್ಲ, ಸಡಿಲವಾಗುತ್ತದೆ. ಪತಂಗ ಎಳೆಗಳನ್ನು ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಗೂಡನ್ನು ಕಟ್ಟಿದ ಜೀವವೇ ಅದರ ಬೀಗದ ಕೈಯನ್ನೂ ತನ್ನೊಡನೆ ಇರಿಸಿಕೊಂಡಿರುತ್ತದೆ. ಕಾಯಬಲ್ಲವರಿಗೆ ಮಾತ್ರ ಇದು ಕಾಣುತ್ತದೆ.

ಹೊರಬಂದ ಪತಂಗದ ರೆಕ್ಕೆ ಮೊದಲು ಒದ್ದೆಯ ಬಟ್ಟೆಯಂತೆ ಮುದುಡಿರುತ್ತದೆ. ಅದು ಮೇಲೇರಿ ತೂಗಿಕೊಳ್ಳಲು ಒರಟಾದ ಆಸರೆಯಿರಬೇಕು. ನುಣುಪಾದ ಗಾಜಿನ ಭರಣಿಯಲ್ಲಿಟ್ಟರೆ ರೆಕ್ಕೆ ಸೊಟ್ಟಗೆ ಒಣಗಿ ಪತಂಗ ಆಜನ್ಮ ಕುಂಟಾಗುತ್ತದೆ. ತಸರದ ಪತಂಗ ಬದುಕುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಈ ಅವಧಿಯಲ್ಲಿ ಅದು ಏನನ್ನೂ ತಿನ್ನುವುದಿಲ್ಲ. ಹುಳುವಾಗಿದ್ದಾಗ ಕೂಡಿಟ್ಟುದೇ ಅದರ ಬುತ್ತಿ.

ಹೆಣ್ಣನ್ನು ಬಲೆಯ ಪಂಜರದಲ್ಲಿಟ್ಟು ಸಂಜೆ ಮರಕ್ಕೆ ತೂಗುಹಾಕಿದರೆ, ಸುತ್ತಮುತ್ತ ಗಂಡುಗಳಿದ್ದಲ್ಲಿ, ಅವು ಕತ್ತಲಲ್ಲಿ ಹುಡುಕಿಕೊಂಡು ಬರುತ್ತವೆ. ಫ್ರಾನ್ಸಿನ ಜೀನ್ ಆನ್ರಿ ಫಾಬ್ರ (1823–1915) ತಮ್ಮ ಮನೆಯಲ್ಲಿ ಇದನ್ನು ಕಂಡು ಬರೆದ ಪ್ರಸಂಗ ಕೀಟವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಬೆಳಗ್ಗೆ ಗೂಡೊಡೆದು ಬಂದ ಒಂದು ಹೆಣ್ಣಿಗಾಗಿ ಅಂದಿನ ರಾತ್ರಿ ಸುಮಾರು ನಲವತ್ತು ಗಂಡು ಪತಂಗಗಳು ಅವರ ಮನೆಯನ್ನು ಮುತ್ತಿದವು. ಅದನ್ನು ಮೊದಲು ಕಂಡು ತಂದೆಯನ್ನು ಕೂಗಿ ಕರೆದವನು ಅವರ ಪುಟ್ಟ ಮಗ. ಗಂಡಿನ ಗರಿಯಂತಹ ಕುಡಿಮೀಸೆ ಹಿಡಿಯುವ ಆ ಕಾಣದ ಕರೆ ಏನೆಂಬುದನ್ನು ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1959ರಲ್ಲಿ ಹಿಪ್ಪುನೇರಳೆ ರೇಷ್ಮೆಯ ಪತಂಗದಲ್ಲಿ ಬೇರ್ಪಡಿಸಿ ತೋರಿದರು. ಅದಕ್ಕಾಗಿ ಅವರು ಸುಮಾರು 5 ಲಕ್ಷ ಹೆಣ್ಣು ಪತಂಗಗಳನ್ನು ಬಳಸಬೇಕಾಯಿತು. ‘ಬೊಂಬಿಕಾಲ್’ ಎಂದು ಹೆಸರಾದ ಆ ವಸ್ತು, ರಾಸಾಯನಿಕ ಸ್ವರೂಪವನ್ನು ನಿರ್ಧರಿಸಲಾದ ಮೊತ್ತಮೊದಲನೆಯ ಫೆರೊಮೋನ್. ಇಂದು ಬೆಳೆಗಳಿಗೆ ಬೀಳುವ ಕೀಟಗಳನ್ನು ಹಿಡಿಯಲು ರೈತರು ಹೊಲದಲ್ಲಿ ನೆಡುವ ಮೋಹಕ ಬಲೆಗಳಿಗೆ ಮೂಲ ಈ ತಿಳಿವಳಿಕೆಯೇ.

ಹಲವರು ಕೂಡಿದಾಗ

ಫಾಬ್ರ ಅವರ ಜೀವನದಲ್ಲಿ ಅಧ್ಯಾಪಕರು ಗಮನಿಸಬೇಕಾದ ಮತ್ತೊಂದು ಘಟನೆಯಿದೆ. 1865ರಲ್ಲಿ ಫ್ರಾನ್ಸಿನ ರೇಷ್ಮೆಯುದ್ಯಮ ಗಂಟುರೋಗದಿಂದ ನಾಶವಾಗುತ್ತಿದ್ದಾಗ ಅದರ ಶೋಧನೆಗೆ ನಿಯುಕ್ತರಾದವರು ಲೂಯಿ ಪಾಸ್ತರ್. ಅದುವರೆಗೆ ಅವರು ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದವರಲ್ಲ. ಆವಿನ್ಯೋನ್ ಪಟ್ಟಣದಲ್ಲಿ ಆಗ ಶಾಲೆಯ ಉಪಾಧ್ಯಾಯರಾಗಿದ್ದ ಫಾಬ್ರ ಅವರನ್ನು ಕಂಡು ಒಂದು ಗೂಡನ್ನು ಪಡೆದು, ಕಿವಿಯ ಬಳಿ ಅಲುಗಾಡಿಸಿ, ಒಳಗೆ ಏನಾದರೂ ಇದೆಯೇ ಎಂದು ವಿಚಾರಿಸಿದರಂತೆ. ಅದೇ ಪಾಸ್ತರ್ ಕೆಲವೇ ವರ್ಷಗಳಲ್ಲಿ, ತತ್ತಿಯಿಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗದ ಕಣಗಳಿದ್ದರೆ ಆ ತತ್ತಿಯನ್ನು ನಾಶಪಡಿಸುವ ಕ್ರಮವನ್ನು ರೂಪಿಸಿದರು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವುದು ಇದೇ ಪರೀಕ್ಷೆ. ಮಹಾವಿಜ್ಞಾನಿಯ ಪ್ರಥಮ ಪಾಠ ಶಾಲೆಯ ಉಪಾಧ್ಯಾಯನ ಬಳಿ ಆಯಿತೆಂಬುದು ಸಣ್ಣ ಮಾತಲ್ಲ. ಪ್ರೌಢಶಾಲೆಯ ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕವೇ ಈ ಪರೀಕ್ಷೆಗೆ ಸಾಕು.

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಓದಿದವರಿಗೆ ಇಂತಹ ಕೂಟ ಅಪರಿಚಿತವಲ್ಲ. ಅಲ್ಲಿಯ ವಿಜ್ಞಾನಿ, ಊರಿನ ದೃಷ್ಟಿಯಲ್ಲಿ ಯಾವುದಕ್ಕೂ ಬಾರದ ಮಂದಣ್ಣನ ನೋಟವನ್ನು ಆದರಿಸುತ್ತಾನೆ. ಕಾಡುರೇಷ್ಮೆಯ ಹವ್ಯಾಸದಲ್ಲಿಯೂ ದೊಡ್ಡ ಪದವಿಗಿಂತ ಎಚ್ಚರದ ಕಣ್ಣು ಮೇಲು. ಜುಲೈ ತಿಂಗಳ ಕೊನೆಯಲ್ಲಿ 2012ರಿಂದ ಹಲವು ದೇಶಗಳಲ್ಲಿ ನಡೆಯುತ್ತಿರುವ ಪತಂಗ ಸಪ್ತಾಹದಲ್ಲಿ ಕರ್ನಾಟಕದ ಹವ್ಯಾಸಿಗಳೂ ಬಿಳಿಯ ಬಟ್ಟೆಯ ಮುಂದೆ ದೀಪವಿಟ್ಟು, ಬಂದ ಪತಂಗಗಳನ್ನು ದಾಖಲಿಸುತ್ತಾರೆ.

ಶಾಲೆಗೆ ಸಾಧ್ಯವಾಗುವ, ಒಬ್ಬೊಂಟಿಗನಿಗೆ ಸಾಧ್ಯವಾಗದ ಕೆಲಸ ಒಂದಿದೆ; ಅದು ವರ್ಷ ವರ್ಷವೂ ಎಡೆಬಿಡದೆ ದಾಖಲಿಸುವುದು. ಹೊನ್ನಾಳಿ, ಚನ್ನಗಿರಿಗಳ ಮಳೆಯೇ ಬೇರೆ, ಜಗಳೂರಿನ ಮಳೆಯೇ ಬೇರೆ. ತಸರದ ಕೋಶ ಬೇಸಿಗೆಯನ್ನು ಸುಪ್ತಾವಸ್ಥೆಯಲ್ಲಿ ಕಳೆದು ಮುಂಗಾರಿನೊಡನೆ ಎಚ್ಚರಗೊಳ್ಳುವ ಜೀವವಾದ್ದರಿಂದ ರಾಂಚಿಯ ಕೇಂದ್ರೀಯ ತಸರ ಸಂಶೋಧನಾ ಸಂಸ್ಥೆಯ ತಾರೀಖುಗಳು ದಾವಣಗೆರೆಗೆ ಹಾಗೆಯೇ ಒಪ್ಪಲಾರವು. ಈ ಸೀಮೆಯ ಪತಂಗ ಯಾವ ಮಳೆಗೆ ಏಳುತ್ತದೆ, ವರ್ಷಕ್ಕೆ ಎಷ್ಟು ಪೀಳಿಗೆ ನಡೆಸುತ್ತದೆ, ಹೊಳೆಮತ್ತಿಯ ಮೇಲೆ ಬೆಳೆದ ಹುಳುವಿಗೂ ಕಾಡುಬಾದಾಮಿಯ ಮೇಲೆ ಬೆಳೆದ ಹುಳುವಿಗೂ ಗೂಡಿನ ತೂಕದಲ್ಲಿ ಅಂತರವೆಷ್ಟು ಎಂಬ ಪ್ರಶ್ನೆಗಳಿಗೆ ಇಲ್ಲಿಯವರೇ ಉತ್ತರ ಕಂಡುಕೊಳ್ಳಬೇಕು. ಎಂಟನೆಯ ತರಗತಿಯವರು ಆರಂಭಿಸಿದ ದಾಖಲೆಯನ್ನು ಅವರು ಹತ್ತನ್ನು ಮುಗಿಸಿ ಹೋಗುವಾಗ ಕಿರಿಯರು ಮುಂದುವರಿಸಬಹುದು. ಊರೂರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿ ಪತಂಗ ಕಂಡ ದಿನವನ್ನೂ ಮರವನ್ನೂ ಬರೆದು ಕಳುಹಿಸಬಹುದು.

ಎಚ್ಚರಿಕೆಯ ನಾಲ್ಕು ಮಾತು

ಹಂಚಿಕೊಳ್ಳುವುದು ಒಳ್ಳೆಯದೇ, ಆದರೆ ಏನನ್ನು ಹಂಚುತ್ತಿದ್ದೇವೆಂಬ ಅರಿವಿರಬೇಕು. 1980ರವರೆಗೆ ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಊಜಿ ನೊಣದ ಕಾಟವಿರಲಿಲ್ಲ. ಆ ವರ್ಷ ಪಶ್ಚಿಮ ಬಂಗಾಳದಿಂದ ಬಂದ ಗೂಡುಗಳೊಡನೆ ಈ ನೊಣ ರಾಜ್ಯವನ್ನು ಹೊಕ್ಕಿತು. ಹುಳುವಿನ ಮೈಮೇಲೆ ತತ್ತಿಯಿಟ್ಟು ಒಳಗಿನಿಂದಲೇ ಅದನ್ನು ತಿಂದುಹಾಕುವ ಈ ಶತ್ರು ಸಾವಿರಾರು ಕುಟುಂಬಗಳಿಗೆ ನಷ್ಟ ತಂದಿತು. ಸಾಕಣೆಮನೆಯ ಕಿಟಕಿ ಬಾಗಿಲುಗಳಿಗೆ ಬಲೆ, ಊಜಿಯ ಕೋಶವನ್ನು ಹುಡುಕಿ ಕೊಲ್ಲುವ ಸಣ್ಣ ಕಣಜಗಳು, ಇವೆಲ್ಲ ಅನಂತರ ಬಂದ ಪರಿಹಾರಗಳು. ಆದ್ದರಿಂದ ಹವ್ಯಾಸಿಗಳು ದೂರದ ಊರುಗಳಿಂದ ಗೂಡನ್ನಾಗಲಿ ಹುಳುವನ್ನಾಗಲಿ ತರಿಸಬಾರದು. ರೇಷ್ಮೆ ಇಲಾಖೆಯ ಅಥವಾ ಕೇಂದ್ರ ರೇಷ್ಮೆ ಮಂಡಳಿಯ ಮೂಲಕ ಪರೀಕ್ಷಿತವಾದ ತತ್ತಿಯನ್ನೇ ಪಡೆಯಬೇಕು. ಹಿಪ್ಪುನೇರಳೆ ರೇಷ್ಮೆ ಸಾಕುವ ಮನೆಯ ಸಮೀಪದಲ್ಲಿ ಕಾಡುಹುಳುಗಳನ್ನು ಇಡಲೇಬಾರದು.

ಅಮೆರಿಕದ ಎಟಿಯೆನ್ ಟ್ರೂವೆಲೋ ಅವರ ಕಥೆ ಇನ್ನೂ ಕಠೋರವಾದುದು. ಚಿತ್ರಕಾರರೂ ಹವ್ಯಾಸಿ ಕೀಟಜ್ಞರೂ ಆಗಿದ್ದ ಅವರು ಬೋಸ್ಟನ್ ಬಳಿಯ ತಮ್ಮ ಹಿತ್ತಲಿನಲ್ಲಿ ಕಾಡುರೇಷ್ಮೆಯ ಹುಳುಗಳನ್ನು ಅಪಾರ ಸಂಖ್ಯೆಯಲ್ಲಿ ಸಾಕಿದ್ದರು. ರೇಷ್ಮೆಯ ಪ್ರಯೋಗಕ್ಕೆಂದು ಯುರೋಪಿನಿಂದ ತಂದ ಬೇರೊಂದು ಜಾತಿಯ ಪತಂಗದ ಕೆಲವು ಹುಳುಗಳು 1869ರ ಹೊತ್ತಿಗೆ ತಪ್ಪಿಸಿಕೊಂಡವು. ಇಪ್ಪತ್ತು ವರ್ಷಗಳಲ್ಲಿ ಅವು ಊರಿನ ಮರಗಳನ್ನೆಲ್ಲ ಬೋಳಿಸಿದವು. ಒಂದೂವರೆ ಶತಮಾನ ಕಳೆದರೂ ಆ ದೇಶದ ಕಾಡುಗಳು ಅವುಗಳ ಹಾವಳಿಯಿಂದ ಮುಕ್ತವಾಗಿಲ್ಲ. ಹೊರನಾಡಿನ ಜಾತಿಯನ್ನು ತರಬಾರದು, ಒಂದೆಡೆಯ ಪತಂಗವನ್ನು ಮತ್ತೊಂದೆಡೆ ಬಿಡಬಾರದು ಎಂಬ ನಿಯಮಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊನೆಯದು ಕಾನೂನಿನ ಮಾತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವು ಕೊಂಡುಕುರಿಗಳಿಗಾಗಿ 2011ರಲ್ಲಿ ವನ್ಯಧಾಮವೆಂದು ಘೋಷಿತವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂತಹ ಸ್ಥಳಗಳಿಂದ ಒಂದು ಹುಳುವನ್ನಾಗಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತರುವಂತಿಲ್ಲ. ಅಲ್ಲಿಗೆ ಕೊಂಡೊಯ್ಯಬೇಕಾದುದು ಬುಟ್ಟಿಯಲ್ಲ, ಟಿಪ್ಪಣಿಯ ಪುಸ್ತಕ.

ಈ ಹವ್ಯಾಸದಿಂದ ಹಣ ಬರುವುದಿಲ್ಲ. ಪರೀಕ್ಷೆಯಲ್ಲಿ ಅಂಕವೂ ಬರಲಾರದು. ಮುಂಜಾನೆ ಬೇಗ ಎದ್ದು ಸೊಪ್ಪು ತರುವುದು, ರಜೆಯ ದಿನವೂ ಸರದಿಯನ್ನು ತಪ್ಪಿಸದಿರುವುದು, ಸತ್ತ ಹುಳುವಿನ ಲೆಕ್ಕವನ್ನು ಬದುಕಿದ ಹುಳುವಿನ ಲೆಕ್ಕದಷ್ಟೇ ಪ್ರಾಮಾಣಿಕವಾಗಿ ಬರೆಯುವುದು, ತನ್ನಲ್ಲಿ ಹೆಚ್ಚಾದ ತತ್ತಿಯನ್ನು ಇಲ್ಲದವನಿಗೆ ಕೊಡುವುದು, ಇಷ್ಟು ಅದರ ಫಲ. ಕಾಯಕ, ದಾಸೋಹಗಳೆಂಬ ಮಾತುಗಳನ್ನು ನಿತ್ಯವೂ ಕೇಳುವ ಮಕ್ಕಳಿಗೆ ಅವುಗಳ ಅರ್ಥ ಹೀಗೂ ತಿಳಿಯಬಹುದು. ನಾಲ್ಕು ಬಲೆಯ ಚೀಲ, ಒಂದು ಸೂಕ್ಷ್ಮದರ್ಶಕ, ಆವರಣದ ಅಂಚಿನಲ್ಲಿ ನೆಟ್ಟ ಹತ್ತು ಹೊಳೆಮತ್ತಿಯ ಸಸಿಗಳು ಮತ್ತು ರಟ್ಟು ಹಾಕಿದ ಒಂದು ದೊಡ್ಡ ದಾಖಲೆಪುಸ್ತಕ, ಇವಿಷ್ಟಿದ್ದರೆ ಯಾವ ಶಾಲೆಯಾದರೂ ಮುಂದಿನ ಮುಂಗಾರಿಗೆ ಇದನ್ನು ಆರಂಭಿಸಬಹುದು. ಸಸಿ ಮರವಾಗುವವರೆಗೆ ಅಂಗಳದ ಕಾಡುಬಾದಾಮಿಯೂ ಬದುವಿನ ಹರಳೂ ಸಾಕು.